ಹಳೆಯ ಗಣಕಯಂತ್ರ, ಹೊಸ ಒಡಲು

(ಬಳಕೆಯಿಂದ ಹೋದ ಗಣಕಯಂತ್ರಗಳನ್ನು ಇಂದಿನ ಯಂತ್ರಗಳಲ್ಲಿ ಮತ್ತೆ ನಡೆಸುವ ಹವ್ಯಾಸಿಗಳಿದ್ದಾರೆ. ಅವರ ಕೆಲಸವೇನು, ಅದರಿಂದ ನಮಗೇನು ಉಪಯೋಗ ಎಂಬುದನ್ನು ಈ ಪಾಠದಲ್ಲಿ ತಿಳಿಸಲಾಗಿದೆ.)



ನೀವು ಮಾಧವನಗರದವರಾಗಿದ್ದರೆ ಮಿರಜ ನಿಮಗೆ ದೂರವಲ್ಲ. ಅಲ್ಲಿಯ ಕುಶಲಕರ್ಮಿಗಳು ಒಣಗಿದ ಸೋರೆಬುರುಡೆಯಿಂದ ತಂಬೂರಿ, ಸಿತಾರ್‌ಗಳನ್ನು ತಯಾರಿಸುವುದನ್ನು ನೀವು ಕಂಡಿರಬಹುದು. ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈಗ ಸಂಗೀತ ಕಲಿಯುವ ಅನೇಕರು ಮನೆಯಲ್ಲಿ ಮೊಬೈಲಿನಿಂದಲೇ ತಂಬೂರಿಯ ಶ್ರುತಿ ಕೇಳುತ್ತ ಹಾಡುತ್ತಾರೆ. ಅದರಲ್ಲಿ ಬುರುಡೆಯೂ ಇಲ್ಲ, ತಂತಿಯೂ ಇಲ್ಲ. ಆದರೂ ಕಿವಿಗೆ ತಂಬೂರಿಯೇ ಕೇಳುತ್ತದೆ. ಇದು ಅನುಕರಣೆ. ಹಾಗೆಯೇ ಒಂದು ಗಣಕಯಂತ್ರವು ಇನ್ನೊಂದನ್ನು ಅನುಕರಿಸಬಲ್ಲದು. ಅದಕ್ಕಾಗಿ ಬರೆದ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು.

ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರ ಬಂದ ಕಥೆಯಿಂದ ಆರಂಭಿಸೋಣ. 1984ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಮೊದಲಿಗೆ ಸುಮಾರು 250 ಶಾಲೆಗಳನ್ನು ಆರಿಸಿ, ಅವುಗಳಿಗೆ ‘ಬಿಬಿಸಿ ಮೈಕ್ರೋ’ ಎಂಬ ಯಂತ್ರಗಳನ್ನು ಕೊಡಲಾಯಿತು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದ ಯಂತ್ರವಿದು. ಅದರ ಬಿ ಮಾದರಿಯ ಸ್ಮೃತಿ ಕೇವಲ 32 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸಲಾರದು! ಬರೆದ ಕಾರ್ಯಕ್ರಮಗಳನ್ನು ಹಾಡು ಕೇಳುವಂಥ ಕ್ಯಾಸೆಟ್ಟಿನಲ್ಲಿಯೇ ಉಳಿಸಬಹುದಾಗಿತ್ತು.

ಇಂತಹ ಯಂತ್ರಗಳು ಶಾಲೆಗಳಿಂದ ಮರೆಯಾಗಿ ಬಹಳ ವರ್ಷಗಳಾದವು. ಆದರೆ ‘ಬೀಬ್‌ಎಮ್’ ಎಂಬ ಎಮ್ಯುಲೇಟರಿನ ಮೂಲಕ ಬಿಬಿಸಿ ಮೈಕ್ರೋವನ್ನು ಇಂದಿನ ಲ್ಯಾಪ್‌ಟಾಪಿನಲ್ಲಿಯೂ ನಡೆಸಬಹುದು. ಅದನ್ನು ಮೊದಲು ಬರೆದದ್ದು 1994ರಲ್ಲಿ.

ಅದು ಹೇಗೆ ಕೆಲಸ ಮಾಡುತ್ತದೆ? ಗಣಕಯಂತ್ರಕ್ಕೆ ತಿಳಿಯುವುದು ಸಂಖ್ಯೆಗಳು ಮಾತ್ರ. ಬಿಬಿಸಿ ಮೈಕ್ರೋದ ಒಳಗಿದ್ದ 6502 ಎಂಬ ಸಂಸ್ಕಾರಕಕ್ಕೆ 169 ಎಂಬ ಆಜ್ಞೆ ಬಂದರೆ ‘ಮುಂದಿನ ಸಂಖ್ಯೆಯನ್ನು ತೆಗೆದುಕೊ’ ಎಂದರ್ಥ; 105 ಎಂದರೆ ‘ಮುಂದಿನ ಸಂಖ್ಯೆಯನ್ನು ಕೂಡಿಸು’ ಎಂದರ್ಥ. ಆದ್ದರಿಂದ 169, 5, 105, 3 ಎಂಬ ಸಾಲನ್ನು ಕೊಟ್ಟರೆ, ಹಿಂದಿನ ಲೆಕ್ಕದ ಕೈಹಿಡಿ ಉಳಿದಿರದಿದ್ದರೆ, ಉತ್ತರ 8 ಬರುತ್ತದೆ. ಇಂದಿನ ಸಂಸ್ಕಾರಕದ ಭಾಷೆ ಬೇರೆ. ನಡುವೆ ಕುಳಿತ ಎಮ್ಯುಲೇಟರ್ ದುಭಾಷಿಯಂತೆ ಒಂದೊಂದೇ ಸಂಖ್ಯೆಯನ್ನು ಓದಿ, ಹಳೆಯ ಯಂತ್ರ ಮಾಡುತ್ತಿದ್ದುದನ್ನೇ ಮಾಡಿಸುತ್ತದೆ. ಕೀಲಿಮಣೆ, ಪರದೆ, ಧ್ವನಿ ಎಲ್ಲವನ್ನೂ ಅದು ಅನುಕರಿಸಬೇಕು. ವೇಗವನ್ನೂ ತಡೆಹಿಡಿಯಬೇಕು, ಇಲ್ಲದಿದ್ದರೆ ಹಳೆಯ ಆಟವೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋದೀತು!

ಹವ್ಯಾಸಿಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಹಿಂದೆ ಏಕಾರ್ನ್ ಯಂತ್ರಗಳನ್ನು ‘ಇಕೊನೆಟ್’ ಎಂಬ ಜಾಲದಿಂದ ಜೋಡಿಸುತ್ತಿದ್ದರು. ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಇರುತ್ತಿತ್ತು. ತರಗತಿಯ ಯಂತ್ರಗಳೆಲ್ಲ ತಂತಿಯ ಮೂಲಕ ಒಂದೇ ಡಿಸ್ಕನ್ನು, ಒಂದೇ ಮುದ್ರಣಯಂತ್ರವನ್ನು ಹಂಚಿಕೊಳ್ಳುತ್ತಿದ್ದವು. ಈಗ ಎಮ್ಯುಲೇಟರುಗಳು ಆ ಹಳೆಯ ಸಂದೇಶವನ್ನು ಇಂದಿನ ಜಾಲದ ಸಂದೇಶದೊಳಗೆ ಇಟ್ಟು ಕಳುಹಿಸುತ್ತವೆ. ಚಿಕ್ಕ ಲಕೋಟೆಯನ್ನು ದೊಡ್ಡ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದಂತೆ ಇದು. ಹೀಗಾಗಿ ದೂರದೂರದ ಯಂತ್ರಗಳು ಒಂದೇ ಕೋಣೆಯಲ್ಲಿರುವಂತೆ ಮಾತನಾಡಬಲ್ಲವು. ಪಿಡಿಪಿ, ವ್ಯಾಕ್ಸ್ ಎಂಬ ಹಿಂದಿನ ಯಂತ್ರಗಳ ಹವ್ಯಾಸಿಗಳು ‘ಹೆಕ್‌ನೆಟ್’ ಎಂಬ ಜಾಲವನ್ನು ಕಟ್ಟಿಕೊಂಡಿದ್ದಾರೆ. ಅದರಲ್ಲಿ ನಿಜವಾದ ಯಂತ್ರಗಳೂ ಇವೆ, ಅನುಕರಣೆಯ ಯಂತ್ರಗಳೂ ಇವೆ.

‘ಹಳೆಯದನ್ನು ಇಟ್ಟುಕೊಂಡು ಏನು ಪ್ರಯೋಜನ?’ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ 1086ರಲ್ಲಿ ‘ಡೂಮ್ಸ್‌ಡೇ’ ಎಂಬ ಭೂದಾಖಲೆಯ ಗ್ರಂಥ ಸಿದ್ಧವಾಯಿತು. ಅದನ್ನು ಇಂದಿಗೂ ಓದಬಹುದು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಹೊಸ ಡೂಮ್ಸ್‌ಡೇ ತಯಾರಾಯಿತು. ಸುಮಾರು ಹತ್ತು ಲಕ್ಷ ಜನ ಅದರಲ್ಲಿ ಪಾಲ್ಗೊಂಡರು. ನಿಮ್ಮಂಥ ಶಾಲಾ ಮಕ್ಕಳು ತಮ್ಮ ಊರಿನ ವರ್ಣನೆ ಬರೆದರು. ಅದೆಲ್ಲವನ್ನೂ ಲೇಸರ್ ಡಿಸ್ಕುಗಳಲ್ಲಿ ಇಡಲಾಯಿತು. ಆದರೆ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವನ್ನು ಓದುವ ಯಂತ್ರಗಳೇ ಅಪರೂಪವಾದವು. ಚರ್ಮದ ಹಾಳೆ 900 ವರ್ಷ ಬಾಳಿತು. ಡಿಸ್ಕು ಹದಿನೈದೇ ವರ್ಷಕ್ಕೆ ಮೂಕವಾಗತೊಡಗಿತು! ಕೊನೆಗೆ 2002ರಲ್ಲಿ ಸಂಶೋಧಕರು ಎಮ್ಯುಲೇಟರಿನ ನೆರವಿನಿಂದ ಆ ಬರಹಗಳನ್ನು ಮತ್ತೆ ತೆರೆದು ತೋರಿಸಿದರು.

ಇದು ಕೇವಲ ಇಂಗ್ಲೆಂಡಿನ ಚಿಂತೆಯಲ್ಲ. ನಮ್ಮ ಪುಣೆಯಲ್ಲಿ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು ‘ಜಿಸ್ಟ್’ ಎಂಬ ಕಾರ್ಡನ್ನು ರೂಪಿಸಿತು. ಅದನ್ನು ಗಣಕಯಂತ್ರದೊಳಗೆ ಜೋಡಿಸಿದರೆ ಡಾಸ್ ಪರದೆಯ ಮೇಲೆ ಕನ್ನಡ, ಮರಾಠಿ ಮುಂತಾದ ಲಿಪಿಗಳು ಮೂಡುತ್ತಿದ್ದವು. ಅದು ಬಳಸಿದ ‘ಇಸ್ಕಿ’ ಸಂಕೇತದಲ್ಲಿ ಕನ್ನಡದ ‘ಕ’ ಅಕ್ಷರಕ್ಕೂ ಮರಾಠಿಯ ‘ಕ’ ಅಕ್ಷರಕ್ಕೂ ಒಂದೇ ಸಂಖ್ಯೆ, 179. ಬರೆದ ಪದ ಒಂದೇ. ಲಿಪಿ ಬದಲಿಸಿದರೆ ಅದು ಕನ್ನಡದಲ್ಲಿಯೂ ಕಾಣುತ್ತಿತ್ತು, ದೇವನಾಗರಿಯಲ್ಲಿಯೂ ಕಾಣುತ್ತಿತ್ತು. ಎರಡೂ ಭಾಷೆಗಳ ನಡುವೆ ಬೆಳೆಯುವ ನಮಗೆ ಇದು ಎಷ್ಟು ಸೊಗಸಾದ ವಿಚಾರ! ಇಂದಿನ ಯೂನಿಕೋಡಿನಲ್ಲಿ ಆ ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ‘ಡಾಸ್‌ಬಾಕ್ಸ್’ ಎಂಬ ಎಮ್ಯುಲೇಟರಿನಲ್ಲಿ ಡಾಸ್ ಕಾರ್ಯಕ್ರಮಗಳು ನಡೆಯುತ್ತವೆ. ಆದರೆ ಆ ಕಾರ್ಡಿನ ಕೆಲಸವನ್ನೂ ಅನುಕರಿಸದಿದ್ದರೆ ಕನ್ನಡದ ಬದಲು ಅರ್ಥವಾಗದ ಗುರುತುಗಳು ಕಾಣುತ್ತವೆ. ಬರಹ ಅಲ್ಲಿಯೇ ಇದ್ದರೂ ಓದುವ ಬಗೆ ಕಳೆದುಹೋಗಿರುತ್ತದೆ.

ಮಿತ್ರರೇ, ಶಿಲಾಶಾಸನ ಉಳಿದರೆ ಸಾಲದು, ಹಳೆಗನ್ನಡ ಲಿಪಿ ಬಲ್ಲವರೂ ಬೇಕು. ಡಿಸ್ಕಿನ ಮಾತೂ ಹಾಗೆಯೇ. ಹಳೆಯ ಯಂತ್ರದ ನಡೆನುಡಿಗಳನ್ನು ಬಲ್ಲ ಈ ಹವ್ಯಾಸಿಗಳು ನಮ್ಮ ಕಾಲದ ಲಿಪಿ ತಜ್ಞರು. ನಿಮ್ಮ ಮನೆಯಲ್ಲಿ ಹಳೆಯ ಫ್ಲಾಪಿಯೋ ಕ್ಯಾಸೆಟ್ಟೋ ಸಿಕ್ಕರೆ ಎಸೆಯುವ ಮೊದಲು ಹಿರಿಯರನ್ನು ಕೇಳಿರಿ. ಅದರಲ್ಲಿ ಯಾರ ಮಾತು ಕಾಯುತ್ತಿದೆಯೋ!

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಎಮ್ಯುಲೇಟರ್ ಎಂದರೇನು?
2. ‘ಕ್ಲಾಸ್’ ಯೋಜನೆ ಯಾವ ವರ್ಷ ಆರಂಭವಾಯಿತು?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎಮ್ಯುಲೇಟರ್ ವೇಗವನ್ನು ಏಕೆ ತಡೆಹಿಡಿಯಬೇಕು?
2. ಹೊಸ ಡೂಮ್ಸ್‌ಡೇ ಬರಹಗಳಿಗೆ ಯಾವ ತೊಂದರೆ ಬಂತು?

ಉಪಕ್ರಮ: ನಿಮ್ಮ ಊರಿನ ವರ್ಣನೆಯನ್ನು ಒಂದು ಪುಟದಲ್ಲಿ ಬರೆಯಿರಿ. ಅದು ಐವತ್ತು ವರ್ಷಗಳ ನಂತರವೂ ಓದಲು ಸಿಗಬೇಕಾದರೆ ಹೇಗೆ ಕಾಪಾಡುವಿರಿ ಎಂಬುದನ್ನು ಗುಂಪಿನಲ್ಲಿ ಚರ್ಚಿಸಿರಿ.