ಜೀರ್ಣರಥದ ಸಂಧಿಕಾರ್ಯ: ಹಳೆಯ ಮೋಟಾರಿನ ಮರದ ಮೈಕಟ್ಟು

ವ್ಯಾಕರಣದಲ್ಲಿ ಸಂಧಿಯೆಂದರೆ ಎರಡು ವರ್ಣಗಳ ಕೂಟ. ಬಡಗಿಯ ಕಸುಬಿನಲ್ಲಿ ಎರಡು ಮರಗಳ ಕೂಟ. ಕೂಡಿದ ಮೇಲೆ ಎರಡೆಂಬ ಭಾವವಳಿದು ಒಂದಾಗಿ ನಿಲ್ಲಬೇಕೆಂಬುದೇ ಉಭಯತ್ರ ಗುರಿ. ಕನ್ನಡ ಸಂಧಿಗಳು ಲೋಪ, ಆಗಮ, ಆದೇಶವೆಂದು ಮೂರು ತೆರನಾಗಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಶಿಥಿಲವಾದ ಹಳೆಯ ಮೋಟಾರಿನ ಮೈಕಟ್ಟನ್ನು ಪುನಃ ಕಟ್ಟುವ ಕೆಲಸದಲ್ಲಿಯೂ ಈ ಮೂರೇ ಮಾರ್ಗಗಳು ಹೇಗೆ ಕಾಣಿಸಿಕೊಳ್ಳುತ್ತವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇಂದು ಕಾರೆಂದರೆ ಉಕ್ಕಿನ ಒಡಲೆಂದೇ ಎಲ್ಲರ ಗ್ರಹಿಕೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಬಹುತೇಕ ಮೋಟಾರುಗಳ ಅಸ್ಥಿಪಂಜರ ಮರದ್ದಾಗಿತ್ತು. ಕಾರ್ಖಾನೆಯು ಯಂತ್ರ, ಗಾಲಿ ಮತ್ತು ಕಬ್ಬಿಣದ ಅಡಿಗಟ್ಟನ್ನಷ್ಟೇ ಸಿದ್ಧಪಡಿಸುವುದು, ಅದರ ಮೇಲಣ ಒಡಲನ್ನು ಬೇರೊಬ್ಬ ಗಾಡಿಕಾರನು ಕಟ್ಟುವುದು, ಹಲವು ಬೆಲೆಬಾಳುವ ಕಾರುಗಳ ವಿಷಯದಲ್ಲಿ ವಾಡಿಕೆಯಾಗಿತ್ತು. ಕುದುರೆಗಾಡಿ ಕಟ್ಟುತ್ತಿದ್ದ ಕೈಗಳೇ ಮೋಟಾರನ್ನೂ ಕಟ್ಟಿದವು. 1840ರಲ್ಲಿ ಸಾರೋಟು ತಯಾರಿಕೆಗೆಂದು ಮದರಾಸಿನಲ್ಲಿ ಆರಂಭವಾದ ಸಿಂಪ್ಸನ್ ಕಂಪನಿಯು ಮುಂದೆ ಮೋಟಾರುಗಳ ಕಡೆಗೆ ತಿರುಗಿದುದು ಇದಕ್ಕೆ ನಿದರ್ಶನ. ಇಂಗ್ಲೆಂಡಿನಲ್ಲಿ ಆ್ಯಶ್ ಎಂಬ ಮರವನ್ನು ಬಳಸುತ್ತಿದ್ದರು. ಅಲ್ಲಿನ ಮಾರ್ಗನ್ ಕಂಪನಿಯು ಇಂದಿಗೂ ಆ ಪದ್ಧತಿಯನ್ನು ಬಿಟ್ಟಿಲ್ಲ. ನಮ್ಮ ನಾಡಿನಲ್ಲಿ ಸಾಗವಾನಿ ಆ ಸ್ಥಾನವನ್ನು ಪಡೆಯಿತು.

ಹುಬ್ಬಳ್ಳಿ-ಧಾರವಾಡದ ಜನರಿಗೆ ಈ ವಿದ್ಯೆ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಯಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿದ ಕಾಲದಲ್ಲಿ ರೈಲುಡಬ್ಬಿಗಳ ಒಡಲೂ ಮರದ್ದೇ. ಪೆರಂಬೂರಿನ ಕಾರ್ಖಾನೆಯಿಂದ ಪೂರ್ಣ ಉಕ್ಕಿನ ಡಬ್ಬಿಗಳು ಹೊರಡತೊಡಗಿದುದು 1955ರ ತರುವಾಯ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿರುವ 1899ರ ಮಹಾರಾಣಿಯವರ ಡಬ್ಬಿಯನ್ನು ನೋಡಿದವರು ಆ ಕಾಲದ ಬಡಗಿಯ ಯೋಗ್ಯತೆಯನ್ನು ಅರಿಯಬಲ್ಲರು. ಮೋಟಾರುಗಳ ವಿಷಯದಲ್ಲಿ ಧರ್ಮಸ್ಥಳದ ಸಂಗ್ರಹವೂ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ 'ಪಯಣ' ಸಂಗ್ರಹಾಲಯವೂ ದರ್ಶನೀಯವಾಗಿವೆ.

ಮರದ ಮೈಕಟ್ಟು ಕೆಡುವುದು ಏಕೆ? ಮರವನ್ನು ತಿನ್ನುವ ಶಿಲೀಂಧ್ರಕ್ಕೆ ನೀರು ಬೇಕು. ಮರದ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ಮಳೆಯ ನೀರು ಕಿಟಕಿಯ ಸಂದಿನಿಂದ ಇಳಿದು ತಗಡಿನ ಹಿಂದೆ ಅಡಗಿ ಕಂಬಗಳ ಬುಡದಲ್ಲಿಯೂ ಬಾಗಿಲ ಕೆಳಗಣ ತೊಲೆಯಲ್ಲಿಯೂ ನಿಲ್ಲುತ್ತದೆ. ಹೊರಗೆ ಬಣ್ಣ ಮಿನುಗುತ್ತಿರುವಾಗಲೇ ಒಳಗೆ ಕಟ್ಟಿಗೆ ಪುಡಿಯಾಗಿರುತ್ತದೆ. ಬಾಗಿಲು ಜೋಲಿ ಬೀಳುವುದೇ ಮೊದಲ ಸೂಚನೆ. ಇದನ್ನು ತಿಳಿಯದವರು ತಿರುಗಣಿಯನ್ನು ಬಿಗಿದು ಸುಮ್ಮನಾಗುತ್ತಾರೆ, ರೋಗವೊಂದೆಡೆ, ಮದ್ದೊಂದೆಡೆ.

ಜೀರ್ಣೋದ್ಧಾರಕ್ಕೆ ಕೈಯಿಕ್ಕುವವನು ಮೊದಲು ಬಿಚ್ಚಬಾರದು, ಮೊದಲು ಅಳೆಯಬೇಕು. ಬಾಗಿಲ ತೆರವುಗಳ ಅಗಲ, ಎತ್ತರ ಮತ್ತು ಕರ್ಣಗಳನ್ನು ಬರೆದುಕೊಂಡು, ಛಾಯಾಚಿತ್ರ ತೆಗೆದು, ಅಡ್ಡಪಟ್ಟಿಗಳಿಂದ ಒಡಲನ್ನು ಇದ್ದ ಆಕಾರದಲ್ಲಿಯೇ ಬಂಧಿಸಬೇಕು. ಬಳಿಕ ತಗಡಿನ ಅಂಚಿನ ಸಣ್ಣ ಮೊಳೆಗಳನ್ನು ಸಾವಕಾಶವಾಗಿ ಎಬ್ಬಿಸಬೇಕು. ಕಳಚಿದ ಪ್ರತಿಯೊಂದು ತುಂಡಿಗೂ ಅಂಕೆಯ ಚೀಟಿ ಕಟ್ಟಬೇಕು. ಇಲ್ಲಿಯೇ ಅನೇಕರು ಎಡವುತ್ತಾರೆ. ಕೊಳೆತ ತುಂಡನ್ನು ನಿರುಪಯುಕ್ತವೆಂದು ಒಲೆಗೆ ಹಾಕುತ್ತಾರೆ. ಆದರೆ ನಕ್ಷೆಯಿಲ್ಲದ ಗಾಡಿಗೆ ಆ ಕೊಳೆತ ತುಂಡೇ ನಕ್ಷೆ. ಅದರ ಬಾಗು, ದಪ್ಪ, ಮೊಳೆಯ ತೂತುಗಳ ಸಾಲು, ಇವೆಲ್ಲ ಕಟ್ಟಿದವನ ಹಸ್ತಾಕ್ಷರ. ಹುಳು ತಿಂದ ತಾಳೆಗರಿಯನ್ನು ಪ್ರತಿಮಾಡಿಕೊಳ್ಳುವ ಮುನ್ನ ಎಸೆಯುವ ಗ್ರಂಥಸಂಪಾದಕನುಂಟೆ? ಹೊಸ ತುಂಡು ತನ್ನ ಸ್ಥಾನದಲ್ಲಿ ಕುಳಿತು ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಹಳೆಯದನ್ನು ಕಾಪಾಡಬೇಕು.

ತುಂಡು ಅರ್ಧ ಪುಡಿಯಾಗಿದ್ದರೆ ಎದುರು ಪಾರ್ಶ್ವದ ಜೋಡಿಯನ್ನು ನೋಡಿ ತೆಳು ಹಲಗೆಯಲ್ಲಿ ಅಚ್ಚು ತೆಗೆಯಬಹುದು. ಆದರೆ ಕೈಯಿಂದ ಕಟ್ಟಿದ ಒಡಲಿನ ಎಡಬಲಗಳು ಸರ್ವಥಾ ಸಮವಾಗಿರುತ್ತವೆಂದು ನಂಬಲಾಗದು. ತಗಡನ್ನು ಹೊಂದಿಸಿ ನೋಡಿಯೇ ನಿಶ್ಚಯಿಸಬೇಕು.

ಇನ್ನು ಮರದ ಆಯ್ಕೆ. ಧಾರವಾಡವು ಮಲೆನಾಡಿನ ಸೆರಗಿನಲ್ಲಿರುವ ಊರು. ಹಳಿಯಾಳ, ದಾಂಡೇಲಿಗಳ ಸಾಗವಾನಿಯು ಸಮೀಪದಲ್ಲಿಯೇ ದೊರೆಯುವುದು ಇಲ್ಲಿಯವರ ಭಾಗ್ಯ. ಸಾಗವಾನಿ ಕಡಿಮೆ ಹಿಗ್ಗುತ್ತದೆ, ಕಡಿಮೆ ಕುಗ್ಗುತ್ತದೆ. ಗೆದ್ದಲಿಗೆ ಸುಲಭವಾಗಿ ತುತ್ತಾಗದು. ಅದರ ಸಹಜವಾದ ಎಣ್ಣೆಯು ಅಂಟಿಗೆ ಮಾತ್ರ ವಿರೋಧಿ. ಆದುದರಿಂದ ಅಂಟು ಬಳಿಯುವ ಮೊದಲು ಆ ಮೈಯನ್ನು ದ್ರಾವಕದಿಂದ ಒರೆಸುವುದುಂಟು. ಹಸಿಮರ ಸಲ್ಲದು. ಒಂದು ಅಂಗುಲ ದಪ್ಪದ ಹಲಗೆಗೆ ಗಾಳಿಯಲ್ಲಿ ಒಂದು ವರ್ಷದ ಒಣಗುವಿಕೆ ಎಂಬುದು ಬಡಗಿಗಳ ಹಳೆಯ ಲೆಕ್ಕ. ಬಾಗಿದ ತುಂಡಿಗೆ ಎಳೆಯೂ ಆ ಬಾಗನ್ನೇ ಅನುಸರಿಸುವ ಹಲಗೆಯನ್ನು ಆರಿಸಬೇಕು. ಎಳೆ ಅಡ್ಡ ಹಾಯ್ದಲ್ಲಿ ಮರ ಮುರಿಯುತ್ತದೆ.

ಈಗ ಸಂಧಿಗಳ ವಿಚಾರ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಉಕಾರವು ಲೋಪವಾಗುವಂತೆ, ಎರಡು ತುಂಡುಗಳನ್ನು ಅರ್ಧರ್ಧ ದಪ್ಪ ಕೊರೆದು ಒಂದರ ಮೇಲೊಂದು ಕೂಡಿಸಿದಾಗ ಒಂದೇ ದಪ್ಪ ಉಳಿಯುತ್ತದೆ. ಇದು ಲೋಪ. 'ಮನೆಯಲ್ಲಿ' ಎಂಬಲ್ಲಿ ಯಕಾರವು ನಡುವೆ ಬಂದು ಎರಡನ್ನು ಕೂಡಿಸುವಂತೆ, ಎರಡು ತುಂಡುಗಳ ನಡುವೆ ಮರದ ಗೂಟವನ್ನೋ ತೆಳುಪಟ್ಟಿಯನ್ನೋ ಸೇರಿಸಿ ಬಿಗಿಯುವುದು ಆಗಮ. 'ಮಳೆಗಾಲ'ದಲ್ಲಿ ಕಕಾರದ ಸ್ಥಾನಕ್ಕೆ ಗಕಾರ ಬರುವಂತೆ, ಕೊಳೆತ ಕಂಬದ ಬುಡವನ್ನಷ್ಟೇ ಕತ್ತರಿಸಿ ಹೊಸ ಬುಡವನ್ನು ಓರೆಯಾಗಿ ಬೆಸೆಯುವುದು ಆದೇಶ. ಓರೆಯ ಉದ್ದ ದಪ್ಪದ ಎಂಟರಷ್ಟಾದರೂ ಇದ್ದರೆ ಅಂಟು ಬಲವಾಗಿ ಹಿಡಿಯುತ್ತದೆ. ಕಕಾರಕ್ಕೆ ಅದೇ ವರ್ಗದ ಗಕಾರ ಬಂದಿತೇ ಹೊರತು ಬೇರೊಂದು ವರ್ಣ ಬರಲಿಲ್ಲವೆಂಬುದು ಗಮನಾರ್ಹ. ಹಾಗೆಯೇ ಹಳೆಯ ಮರಕ್ಕೆ ಸಜಾತೀಯವಾದ ಮರವೇ ಜೋಡಿಯಾಗಬೇಕು. ಗಟ್ಟಿಯಿರುವ ಭಾಗವನ್ನು ಕತ್ತರಿಸದಿರುವುದು ಆದೇಶದ ಮರ್ಯಾದೆ.

ತುಂಡುಗಳು ಸಿದ್ಧವಾದ ಮೇಲೆ ಅಂಟಿಲ್ಲದೆ ಒಮ್ಮೆ ಅಡಿಗಟ್ಟಿನ ಮೇಲೆಯೇ ಕೂಡಿಸಬೇಕು. ಬಾಗಿಲುಗಳನ್ನು ತೂಗುಹಾಕಿ ಸಂದುಗಳು ಸಮವಾಗಿವೆಯೇ, ಕರ್ಣಗಳು ಬರೆದಿಟ್ಟ ಅಳತೆಗೆ ಹೊಂದುತ್ತವೆಯೇ ಎಂದು ನೋಡಬೇಕು. ಇದಾದ ಮೇಲೆಯೇ ಅಂಟು, ತಿರುಪು, ಬಣ್ಣ, ಕೊನೆಗೆ ತಗಡು. ತಗಡಿನ ಹಿಂದೆ ಮರೆಯಾಗುವ ಮೈಗಳಿಗೂ ಬಣ್ಣ ಬಳಿಯುವುದನ್ನು, ನೀರು ಇಳಿದುಹೋಗಲು ರಂಧ್ರ ಬಿಡುವುದನ್ನು ಮರೆಯಲಾಗದು. ಕಣ್ಣಿಗೆ ಬೀಳದ ಕಡೆ ಮಾಡಿದ ಕೆಲಸವೇ ಕೆಲಸಗಾರನ ಶೀಲ.

ಎಲ್ಲ ತುಂಡುಗಳನ್ನೂ ಹೊಸದಾಗಿ ಮಾಡಿ ಹೊಳಪಿಸಿದರೆ ನೋಟಕ್ಕೆ ಸೊಗಸಾದೀತು. ಆದರೆ ಅದು ಹಳೆಯ ಗಾಡಿಯ ಹೆಸರನ್ನು ಹೊತ್ತ ಹೊಸ ಗಾಡಿ. ಏನನ್ನೂ ಮುಟ್ಟದೆ ಬಿಟ್ಟರೆ ಅದು ಮಣ್ಣಾಗುತ್ತದೆ. ಈ ಎರಡರ ನಡುವಣ ಹದವನ್ನು ಅರಿಯುವುದೇ ವಿದ್ಯೆ. ಬದಲಿಸಿದ ತುಂಡಿನ ಒಳಮೈಯಲ್ಲಿ ವರ್ಷವನ್ನು ಕೆತ್ತಿಟ್ಟರೆ ಮುಂದಿನವನಿಗೆ ಯಾವುದು ಮೂಲ, ಯಾವುದು ಜೋಡಣೆ ಎಂಬುದು ತಿಳಿಯುತ್ತದೆ. ಇದು ಪ್ರಾಮಾಣಿಕತೆಯ ಮುದ್ರೆ.

ಜಾತ್ರೆಯ ತೇರನ್ನು ವರ್ಷವರ್ಷವೂ ಪರೀಕ್ಷಿಸಿ, ಶಿಥಿಲವಾದ ತೊಲೆಯನ್ನಷ್ಟೇ ಬದಲಿಸಿ ಬೀದಿಗೆ ಎಳೆಯುವ ನಾಡು ನಮ್ಮದು. ಆ ವಿವೇಕವನ್ನು ಹಳೆಯ ಮೋಟಾರಿಗೂ, ಹಳೆಯ ಮನೆಗೂ, ಹಳೆಯ ಓಲೆಗೂ ಅನ್ವಯಿಸುವ ಕೈಗಳು ಇಂದಿನ ವಿದ್ಯಾರ್ಥಿಗಳಲ್ಲಿ ಮೂಡಿಬರಲಿ. ಬಡಗಿಯ ಉಳಿಯನ್ನು ಕೀಳೆಂದು ಎಣಿಸದವನಿಗೇ ಸಂಧಿಯ ಅರ್ಥ ಪೂರ್ಣವಾಗಿ ತಿಳಿಯುತ್ತದೆ.