ಮೊದಲು ಸೊನ್ನೆ ಒತ್ತಿ!

ಪ್ರಾಜೆಕ್ಟ್ ಕೆಲಸಕ್ಕೆಂದು ಕುಣಿಗಲ್ಲಿನ ಒಂದು ಕಚೇರಿಗೆ ಹೋಗಿದ್ದೆವು. ನಮ್ಮ ಕಣ್ಣೆದುರೇ ಅಲ್ಲಿನವರೊಬ್ಬರು ತಲೆಸುತ್ತಿ ಬಿದ್ದರು. ಗೆಳತಿ ಮೇಜಿನ ಮೇಲಿದ್ದ ಫೋನೆತ್ತಿ 108 ಒತ್ತಿದಳು. ಆ ಕಡೆಯಿಂದ, "ಸ್ಟೋರ್ಸ್, ಯಾರು ಬೇಕಿತ್ತು?" ಆ ಕಟ್ಟಡದಲ್ಲಿ 108 ಅಂದ್ರೆ ಸ್ಟೋರ್ ರೂಮಿನ ಎಕ್ಸ್‌ಟೆನ್ಷನ್! ಆಮೇಲೆ ಮೊಬೈಲಿನಿಂದ ಆಂಬುಲೆನ್ಸ್ ಕರೆಸಿದೆವು, ಅವರೂ ಚೇತರಿಸಿಕೊಂಡರು. ತುಮಕೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಆ ಫೋನಿನದೇ ಮಾತು.

ಕಚೇರಿಯ ಫೋನುಗಳೆಲ್ಲ ಇಪಿಎಬಿಎಕ್ಸ್ ಎಂಬ ಪೆಟ್ಟಿಗೆಗೆ ಸೇರಿರುತ್ತವೆ. ಕರೆ ಒಳಗಿನದೋ ಹೊರಗಿನದೋ ಅಂತ ಅದು ಮೊದಲ ಅಂಕಿ ನೋಡಿಯೇ ತೀರ್ಮಾನಿಸುತ್ತದೆ. ಹೊರಗಿನ ಲೈನಿಗೆ ಸಾಮಾನ್ಯವಾಗಿ 0 ಇಲ್ಲವೇ 9. ಈ ಅಂಕಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗುವುದೇ ಇಲ್ಲ, ಪೆಟ್ಟಿಗೆಯೇ ನುಂಗಿಬಿಡುತ್ತದೆ.

ಗೊಂದಲ ಶುರುವಾಗೋದು ಇಲ್ಲೇ, ಯಾಕಂದ್ರೆ ಎಸ್‌ಟಿಡಿಗೂ 0 ಬೇಕು. ತುಮಕೂರು 0816, ಗುಬ್ಬಿ 08131, ಕುಣಿಗಲ್ 08132. ಸೊನ್ನೆ ತೆಗೆದು ಎಣಿಸಿ ನೋಡಿ: 816ರ ಜೊತೆ 7 ಅಂಕಿ, 8131ರ ಜೊತೆ 6 ಅಂಕಿ, ಎರಡೂ ಒಟ್ಟು 10. ಅಂದರೆ ಸೊನ್ನೆ ಊರಿನ ಕೋಡ್ ಅಲ್ಲ. 'ಮುಂದೆ ಬರ್ತಿರೋದು ಪೂರ್ತಿ ನಂಬರು' ಎಂಬ ಸೂಚನೆ ಅಷ್ಟೆ. (ವಿಸಿಟಿಂಗ್ ಕಾರ್ಡಿನಲ್ಲಿ +91-0816 ಅಂತ ಅಚ್ಚು ಹಾಕಿಸುವವರು ದಯವಿಟ್ಟು ಗಮನಿಸಿ!) ಹೀಗಾಗಿ 0 ಒತ್ತಿ ಲೈನ್ ತೆಗೆದುಕೊಳ್ಳುವ ತುಮಕೂರಿನ ಕಚೇರಿಯಿಂದ ಗುಬ್ಬಿಗೆ ಮಾಡಬೇಕಾದರೆ ಎರಡು ಸೊನ್ನೆ.

ಎಸ್‌ಟಿಡಿ ದುಬಾರಿಯಾಗಿದ್ದ ಕಾಲದಲ್ಲಿ ಈ ಎರಡನೇ ಸೊನ್ನೆಗೇ ಬೀಗ ಹಾಕುತ್ತಿದ್ದರು. ಸಾಹೇಬರ ಫೋನಿಗೆ ಮಾತ್ರ ಎಸ್‌ಟಿಡಿ, ಗುಮಾಸ್ತರ ಫೋನಿಗೆ ಲೋಕಲ್. ಸಮೀಪದ ಊರುಗಳಿಗೆ ಸೊನ್ನೆಯ ಬದಲು 95 ಒತ್ತುವ ಪದ್ಧತಿಯೂ ಕೆಲವು ವರ್ಷ ಇತ್ತು, ಹಳಬರಿಗೆ ನೆನಪಿರುತ್ತೆ. ಅದು ಹೋಯಿತು. ಎಷ್ಟೋ ಪೆಟ್ಟಿಗೆಗಳಲ್ಲಿ ಬೀಗ ಮಾತ್ರ ಉಳಿಯಿತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ ಮುಂದೆ 0 ಕಡ್ಡಾಯವಾಯಿತು. ಹಳೇ ಬೀಗ ತೆಗೆಯದ ಕಡೆ ಪಕ್ಕದ ಬೀದಿಯವರ ಮೊಬೈಲಿಗೂ ಕರೆ ಹೋಗಲ್ಲ. "ಲೈನ್ ಸರಿಯಿಲ್ಲ" ಅಂತ ಲೈನ್‌ಮ್ಯಾನ್‌ಗೆ ಬೈಯುವುದು ಮಾತ್ರ ನಡೆಯುತ್ತೆ!

ಇದು ಬರೀ ಕಿರಿಕಿರಿಯ ವಿಷಯವಲ್ಲ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್‌ನ ಮಾರ್ಷಲ್ ಎಂಬಲ್ಲಿ, ಮೋಟೆಲ್ ಕೋಣೆಯೊಂದರಲ್ಲಿ ಕಾರಿ ಹಂಟ್ ಎಂಬಾಕೆಯ ಕೊಲೆಯಾಯಿತು. ಅವರ 9 ವರ್ಷದ ಮಗಳು ಅದೇ ಕೋಣೆಯ ಫೋನಿನಿಂದ ನಾಲ್ಕು ಸಲ 911 ಒತ್ತಿದಳು. ಕರೆ ಹೋಗಲೇ ಇಲ್ಲ. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಆ ಮಗುವಿಗೆ ಹೇಗೆ ಗೊತ್ತಾಗಬೇಕು? 2018ರಲ್ಲಿ ಅಲ್ಲಿ ಕಾರಿ ಹೆಸರಿನಲ್ಲೇ ಕಾಯ್ದೆ ಬಂತು: ಇಂಥ ವ್ಯವಸ್ಥೆಗಳಿಂದ 911 ನೇರವಾಗಿ ಹೋಗಬೇಕು.

ಕುಣಿಗಲ್ಲಿನ ಪೆಟ್ಟಿಗೆಯ ದೋಷ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಎಕ್ಸ್‌ಟೆನ್ಷನ್‌ಗಳನ್ನು 101ರಿಂದ ಶುರುಮಾಡಿದ್ದರಿಂದ 108, 112 ಎರಡೂ ಒಳಗಿನ ಕೋಣೆಗಳ ಪಾಲಾಗಿದ್ದವು. ಎಕ್ಸ್‌ಟೆನ್ಷನ್‌ಗಳನ್ನು 201ರಿಂದ ಆರಂಭಿಸಿ, 108 ಮತ್ತು 112 ಒತ್ತಿದ ಕೂಡಲೇ ನೇರ ಹೊರಗಿನ ಲೈನಿಗೆ ಹೋಗುವಂತೆ ಪೆಟ್ಟಿಗೆಗೆ ಪ್ರೋಗ್ರಾಂ ಮಾಡಿದರೆ ಮುಗೀತು. ಹೊಸ ಪೆಟ್ಟಿಗೆಯೇನೂ ಬೇಕಿಲ್ಲ. ಅಲ್ಲಿನ ಮೇಲ್ವಿಚಾರಕರಿಗೆ ಹೇಳಿದೆವು. "ಎಲ್ಲರಿಗೂ ಹಳೇ ನಂಬರೇ ಬಾಯಿಪಾಠ ಆಗಿದೆ ಕಣ್ರಪ್ಪ" ಅಂದರು. ಕೊನೆಗೆ ಒಪ್ಪಿಕೊಂಡದ್ದು ಇಷ್ಟಕ್ಕೆ: ಸದ್ಯಕ್ಕೆ ಪ್ರತಿ ಫೋನಿನ ಮೇಲೂ 'ಆಂಬುಲೆನ್ಸ್: 0-108' ಎಂಬ ಚೀಟಿ. ಅಂಟಿಸಿಯೇ ಬಂದೆವು.