ಹಳ್ಳದ ದಂಡೆಯ ಹಕ್ಕಿಗಳೂ ತೊಗರಿಯ ಬೆಳೆಯೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಗಳ ಗೌಡರೂ ಭೂಮಾಲೀಕರೂ ತೊಗರಿಯು ಹೂವಾಡುವ ಕಾಲದಲ್ಲಿ ಒಂದು ದಿನ ನಸುಕಿನಲ್ಲೆದ್ದು, ನಾಲ್ಕಾರು ಮಂದಿ ರೈತರನ್ನು ಜೊತೆಗೂಡಿಸಿಕೊಂಡು, ತಮ್ಮೂರ ಹಳ್ಳದ ದಂಡೆಗುಂಟ ನಡೆದು ನೋಡತಕ್ಕದ್ದು. ಸೂರ್ಯೋದಯಕ್ಕೆ ಮುಂಚೆಯೇ ಹೊರಡಬೇಕು. ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳನ್ನು ಸೇರುವುವು. ಗಟ್ಟಿ ಮಾತು ಬೇಡ, ನಾಯಿಯೂ ಬೇಡ. ಬಿಳಿಯ ಧೋತರದ ಮೇಲೆ ಕಂಬಳಿ ಹೊದ್ದರೆ ಚಳಿಗೂ ಆಯಿತು, ಮರೆಗೂ ಆಯಿತು.

ಹಕ್ಕಿಗಳ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಅವು ಎಲ್ಲಿ ಕುಳಿತಿರುವುವೆಂಬುದನ್ನು ಜೊತೆಯವರಿಗೆ ತೋರಿಸಿರಿ. ಕವಲೊಡೆದ ಬಾಲದ ಕರಿಯ ಕಾಜಾಣವು ಜಾಲಿಯ ತುದಿಯಿಂದ ಚಿಮ್ಮಿ, ಹಾರುವ ಹುಳುವನ್ನು ಗಾಳಿಯಲ್ಲಿಯೇ ಹಿಡಿದು, ಮರಳಿ ಕೊಂಬೆಗೆ ಬರುವುದು. ನಮ್ಮ ರಾಜ್ಯದ ಪಕ್ಷಿಯಾದ ನೀಲಕಂಠವೂ ಎತ್ತರದಲ್ಲಿ ಕುಳಿತೇ ನೆಲದ ಮಿಡತೆಯನ್ನು ಹೊಂಚುವುದು. ಗಿಳಿಗಳು ಬೆಳೆಯನ್ನು ಹಾಳುಮಾಡುವುದು ನಿಜವೇ; ಆದರೆ ಕಾಳು ತಿನ್ನುವ ಗುಬ್ಬಿಯೂ ಗೀಜಗವೂ ತಮ್ಮ ಮರಿಗಳಿಗೆ ಹುಳುಗಳನ್ನೇ ಉಣಿಸುವುವು.

ಈಗ ಹಳ್ಳವನ್ನು ಬಿಟ್ಟು ಗಿಡಮರಗಳಿಲ್ಲದ ಬಯಲು ಹೊಲಕ್ಕೆ ಬನ್ನಿರಿ. ಅಲ್ಲಿ ಕಾಜಾಣವು ಅಪರೂಪ. ಕೂರಲು ಎಡೆಯೇ ಇಲ್ಲ. ಹಸಿರು ಕಾಯಿಕೊರಕವಾದರೋ ಅಲ್ಲಿಯೂ ಇದೆ. ಅದರ ಒಂದು ಪತಂಗವು ನೂರಾರು ತತ್ತಿಗಳನ್ನಿಡುವುದು; ಮರಿಹುಳುವು ಕಾಯಿಯನ್ನು ಕೊರೆದು ಕಾಳನ್ನು ತಿನ್ನುವುದು. ಆದುದರಿಂದ ಎಕರೆಗೆ ಸುಮಾರು 20ರಂತೆ ಕವಲುಳ್ಳ ಗೂಟಗಳನ್ನು ಬೆಳೆಗಿಂತ ಒಂದಡಿ ಎತ್ತರವಾಗಿ ನೆಡತಕ್ಕದ್ದು. ಬಿತ್ತುವಾಗ ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಕಾಳು ಹಾಕಿದರೆ ಅದರ ದಂಟುಗಳೂ ಹಕ್ಕಿಗೆ ಆಸರೆಯಾಗುವುವು. ಗೂಟ ನೆಟ್ಟೆವೆಂದು ಗಿಡಗಳನ್ನು ನೋಡುವುದನ್ನು ಬಿಡಬಾರದು. ಕೀಡೆ ವಿಪರೀತವಾದರೆ ಹಕ್ಕಿಗಳೊಂದರಿಂದಲೇ ತೀರದು. ಜೋಳದ ಹೊಲದಲ್ಲಿ ಗೂಟಗಳಿದ್ದರೆ ತೆನೆ ಹಾಲುಗಟ್ಟುವ ಮೊದಲೇ ಕೀಳಿಸಿರಿ. ಇಲ್ಲವಾದರೆ ಗಿಳಿಗಳಿಗೆ ನಾವೇ ಮಣೆ ಹಾಕಿದಂತೆ.

ಹಿಂತಿರುಗುವಾಗ ನೀರಿನ ಅಂಚನ್ನು ನೋಡಿರಿ. ವಿಷದ ಔಷಧಿ ಸಿಂಪಡಿಸಿದ ಪಂಪನ್ನು ಹಳ್ಳದಲ್ಲಿಯೇ ತೊಳೆದು, ಖಾಲಿ ಡಬ್ಬಿಯನ್ನು ದಂಡೆಗೆ ಎಸೆಯುವ ರೂಢಿ ಕೆಲವೆಡೆ ಉಂಟು. ಅದರಿಂದ ಮೀನು ಸಾಯುವುದು, ಮೀನನ್ನು ತಿಂದ ಹಕ್ಕಿಗೂ ಕೇಡು, ಅದೇ ನೀರನ್ನು ಕುಡಿಯುವ ದನಕ್ಕೂ ಕೇಡು. ಊರಿನ ಹಿರಿಯರು ಇದನ್ನು ಕಡ್ಡಾಯವಾಗಿ ತಡೆಯಬೇಕು. ದಂಡೆಯ ಜಾಲಿ ಬೇವುಗಳಿಗೆ ಕೊಡಲಿ ಹಾಕುವವರನ್ನೂ ತಡೆಯಬೇಕು.

ಸುರಪುರದ ಬಳಿಯ ಬೋನಾಳ ಕೆರೆಯನ್ನೂ ಒಂದು ಬೆಳಿಗ್ಗೆ ನೋಡಿ ಬರುವುದು ಒಳ್ಳೆಯದು. 1840ರ ದಶಕದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಹೆಸರು ಈ ಕೆರೆಯ ಕೆಲಸದೊಡನೆ ಸೇರಿದೆ. ಹೊಲಗಳಿಗಾಗಿ ನಿಲ್ಲಿಸಿದ ನೀರು ಈಗ ಪಕ್ಷಿಧಾಮವೂ ಆಗಿದೆ. ಚಳಿಗಾಲವೇ ಹೋಗಲು ತಕ್ಕ ಕಾಲ. ಏರಿಯ ಮೇಲೆಯೇ ನಿಂತು ನೋಡಿರಿ, ಜೊಂಡಿನೊಳಗೆ ಇಳಿಯಬೇಡಿರಿ.